ಮೇಸ್ತ್ರಿ ಬರೆದ ತಾರೀಕು

ನಂಬದವರು ಈಗಲೇ ಹೋಗಿ ಮಲಗಿ. ಹೇಳಿ ಹೇಳಿ ನಂಗೂ ಸಾಕಾಗಿದೆ. ಇದು ನಮ್ಮ ಭಾವನಿಗೆ, ಅಕ್ಕನ ಗಂಡನಿಗೆ ಆದದ್ದು.

ಭಾವ ಇಂಜಿನಿಯರ್. ಅವರು ಲೆಕ್ಕ ಹಾಕಿಕೊಟ್ಟ ಒಂದು ಫ್ಲ್ಯಾಟುಗಳ ಕಟ್ಟಡದ ನಕ್ಷೆಯೇ ಬಿಲ್ಲಿನ ಹಾಗೆ ಬಾಗಿದ್ದು, ಬಾಲ್ಕನಿ ಕೂಡ. ನೇರ ಬಾಲ್ಕನಿ ಭಾರಕ್ಕೆ ಬಗ್ಗುತ್ತೆ, ಅಷ್ಟೆ. ಬಾಗಿದ್ದು ತಿರುಚಿಕೊಳ್ಳುತ್ತೆ. ಕಾಂಕ್ರೀಟ್ ಹಾಕಿ ಇಪ್ಪತ್ತೆಂಟು ದಿನ ಕೆಳಗಿನ ಮರದ ಆಸರೆಗಳನ್ನ ಮುಟ್ಟಬೇಡಿ ಅಂತ ಭಾವ ಬಾಯಿ ಬಡಕೊಂಡರು. ಮಾಲೀಕ ಕೇಳಬೇಕಲ್ಲ? ಹನ್ನೆರಡನೇ ದಿನ ಸಂಜೆಯೇ ಎಲ್ಲ ತೆಗೆಸಿಬಿಟ್ಟ. ಮಾರನೇ ದಿನ ಬೆಳಿಗ್ಗೆ ಮನೆ ಕೊಳ್ಳುವವರು ಮೂರು ಸಂಸಾರ, ಮಕ್ಕಳುಮರಿ ಸಮೇತ, ಆ ಬಾಲ್ಕನಿ ಮೇಲೆ ನಿಂತು ನೋಡುವವರಿದ್ದರು.

ಭಾವ ರಾತ್ರಿ ಹನ್ನೊಂದರವರೆಗೂ ಸೈಟಿನಲ್ಲೇ ಕೂತು ಫೋನಿನಲ್ಲಿ ಜಗಳಾಡಿದರು. ಗೋಡೆಗೆ ಹೇಳಿದ ಹಾಗಾಯ್ತು. ರೇಗಿಕೊಂಡು ಮನೆಗೆ ಹೊರಟು ಸೈಟಿನ ಮೂಲೆಯ ಹಳೇ ಬಾವಿ ಪಕ್ಕ ದಾಟುತ್ತಿದ್ದಾರೆ...

ಟಕ್... ಟಕ್... ಟಕ್.

ಮರದ ಮೇಲೆ ಸುತ್ತಿಗೆ. ಆಮೇಲೆ ಮರಳಿನ ಮೇಲೆ ಎರಡು ಹೆಜ್ಜೆ, ಕರಕರ ಅಂತ. ಮತ್ತೆ... ಟಕ್... ಟಕ್... ಟಕ್.

ಕಾವಲುಗಾರ ಬಾವಿಕಟ್ಟೆಗೆ ಒರಗಿ ಮುದುರಿ ಕೂತಿದ್ದ.

"ಬಾಲ್ಕನಿ ಕೆಳಗೆ ಯಾರೋ ಅದು?"

"ಮರಗೆಲಸದ ಮೇಸ್ತ್ರಿ, ಸಾರ್..."

"ಅವನು ಸತ್ತು ಎರಡು ತಿಂಗಳಾಯ್ತಲ್ಲೋ."

"ನಂಗೂ ಗೊತ್ತು, ಸಾರ್. ಹೆಣಕ್ಕೆ ಹೆಗಲು ಕೊಟ್ಟಿದ್ದೀನಿ."

ಆಸರೆಯಡಿಯ ಬೆಣೆಗೆ ಮೂರೇ ಪೆಟ್ಟು, ಅದು ಮೇಸ್ತ್ರಿಯ ಪದ್ಧತಿ. ಯಾವತ್ತು ಬಿಚ್ಚಬೇಕೋ ಆ ತಾರೀಕನ್ನ ಬೆಣೆ ಮೇಲೆ ಪೆನ್ಸಿಲಿನಲ್ಲಿ ಬರೀತಿದ್ದ. ಭಾವ ಎಣಿಸಿದರು. ಹತ್ತೊಂಬತ್ತು ಸಲ... ಆಮೇಲೆ ಸದ್ದಿಲ್ಲ.

ಬೆಳಿಗ್ಗೆ ನೋಡಿದರೆ ಹತ್ತೊಂಬತ್ತು ಆಸರೆಯೂ ಜಾಗದಲ್ಲಿ ನಿಂತಿವೆ. ಅದನ್ನ ನೋಡಿ ಆ ಸಂಸಾರಗಳು ಮೇಲೆ ಹತ್ತಲೇ ಇಲ್ಲ. ಮಾಲೀಕ ಕೆಂಡವಾದ. ಭಾವನದೇ ಕಿತಾಪತಿ ಅಂದ. ಸೊಂಟ ಹಿಡಿದುಕೊಂಡು ಓಡಾಡೋ ಮನುಷ್ಯ ರಾತ್ರೋರಾತ್ರಿ ಅಷ್ಟೂ ಹೊತ್ತರಂತೆ. ಎಲ್ಲರೆದುರೇ ಕೆಲಸದಿಂದ ತೆಗೆದ. ಆಮೇಲೆ ನಾಲ್ಕು ಆಳು ಬಡಿದರೂ ಒಂದು ಬೆಣೆ ಅಲ್ಲಾಡಲಿಲ್ಲ.

ಆ ಬಾಲ್ಕನಿ ಇವತ್ತಿಗೂ ಗಟ್ಟಿಯಾಗಿದೆ. ಹೊಗಳಿಕೆಯೆಲ್ಲ ಮಾಲೀಕನಿಗೆ, ಭಾವನ ಹೆಸರು ಎತ್ತುವವರಿಲ್ಲ. ನಂಗೆ ಹೊಟ್ಟೆ ಉರಿಯೋದು ಅದಕ್ಕೇ.

ಇಪ್ಪತ್ತೆಂಟನೇ ದಿನ ಬೆಣೆಗಳು ಕೈ ತಾಗಿಸುತ್ತಲೇ ಬಿಟ್ಟುಕೊಂಡವಂತೆ. ಕಾವಲುಗಾರ ಒಂದನ್ನ ಭಾವನಿಗೆ ತಂದುಕೊಟ್ಟ. ಅಕ್ಕನ ಅಡುಗೆಮನೆ ಬಾಗಿಲಿಗೆ ಒತ್ತು ಕೊಟ್ಟಿರೋದು ಅದೇ. ಸುಳ್ಳು ಹೇಳಿ ನಂಗೇನಾಗಬೇಕು? ಹೋಗಿ ನೋಡಿ. ಮೇಸ್ತ್ರಿ ಕೈಬರಹದಲ್ಲೇ ಇದೆ, ಆ ಇಪ್ಪತ್ತೆಂಟನೇ ದಿನದ ತಾರೀಕು. ಆ ಕಾಂಕ್ರೀಟ್ ಹಾಕೋ ಹೊತ್ತಿಗೆ ಅವನು ಹೋಗಿ ತಿಂಗಳ ಮೇಲಾಗಿತ್ತು.