ನನ್ನ ಜಾಗಕ್ಕೆ ಬರೋಳಿಗೊಂದು ಕಾರ್ಡು

ಹಲೋ... ಯಾರು ಮಾತಾಡ್ತಿರೋದು? ಕಂಪ್ಯೂಟರ್ ಅಂಗಡಿ ತಾನೆ?... ಹಾಂ, ನಾನು ನಿಮ್ಮ ಯಜಮಾನ್ರ ಅಕ್ಕ ಕಣಪ್ಪ. ಇದ್ದಾನಾ?... ಊಟಕ್ಕೆ ಕೂತಿದ್ರೂ ಪರವಾಗಿಲ್ಲ, ಅವನ ಕೈಗೆ ಕೊಡು. ಅವನು ಊಟ ಮುಗಿಸಿ ಏಳೋದು ಯಾವಾಗ, ನಾನು ಮಾತಾಡೋದು ಯಾವಾಗ.

...ಡುಮ್ಮಾ, ನಾನು ಕಣೋ. ನಿನ್ನ ಪಾಡಿಗೆ ನೀನು ಉಣ್ತಾ ಇರು, ಕಿವಿ ಮಾತ್ರ ಈ ಕಡೆ ಕೊಡು. ಒಂದು ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು, ಪರದೆ ಮೇಲೆ ಚಿತ್ರ ಸರಾಗವಾಗಿ ಓಡಿಸೋ ಅಂಥದ್ದು. ಯಾವುದು ತಗೊಂಡ್ರೆ ಒಳ್ಳೇದು?... ಆಟ ಆಡೋಕಲ್ಲಪ್ಪ, ಈ ವಯಸ್ಸಲ್ಲಿ ನಾನೇನು ಆಟ ಆಡ್ಲಿ. ಆಫೀಸಿಗೆ. ನನ್ನ ಮೇಜಿನ ಕಂಪ್ಯೂಟರ್‌ಗೆ.

...ಅದೇ ಕೆಲಸ, ಆಸ್ಪತ್ರೆ ಮಂಚದ ಡಿಸೈನು. ಒಂದೊಂದು ಸ್ಕ್ರೂ, ಸ್ಪ್ರಿಂಗು, ಚಕ್ರ, ಎಲ್ಲಾ ಪರದೆ ಮೇಲೆ ಕೂರಿಸಿ ಮಂಚಾನ ಆ ಕಡೆ ಈ ಕಡೆ ತಿರುಗಿಸಿ ನೋಡ್ಬೇಕು. ನಾನು ಮೌಸ್ ಎಳೆದು ಬಿಟ್ಟಿರ್ತೀನಿ. ಮಂಚ ತಡವರಿಸ್ಕೊಂಡು, ತಡವರಿಸ್ಕೊಂಡು, ನಾನೊಂದು ಗುಟುಕು ನೀರು ಕುಡಿದ ಮೇಲೆ ಈ ಕಡೆ ಮುಖ ಮಾಡುತ್ತೆ. ದಿನಾ ಇದೇ ಗೋಳು. ಸಾಕಾಗಿ ಹೋಗಿದೆ.

...ನನಗಲ್ಲ ಕಣೋ. ನನ್ನ ಜಾಗಕ್ಕೆ ಬರೋಳಿಗೆ.

...ಕೆಲಸ ಬಿಟ್ಟಿಲ್ಲ, ಡಿಸೈನ್ ಬಿಟ್ಟೆ. ಸೋಮವಾರದಿಂದ ಬೇರೆಯವರು ಮಾಡಿದ್ರಲ್ಲಿ ತಪ್ಪು ಹುಡುಕೋ ಮೇಜು ನಂದು... ಯಾರೂ ಓಡಿಸಿಲ್ಲ, ನಾನೇ ಸಾಹೇಬ್ರ ಹತ್ರ ಹೋಗಿ ಹೇಳಿದೆ. ಅವರು ಪಾಪ, ಇನ್ನೊಂದು ಸಲ ಯೋಚನೆ ಮಾಡಿ ಅಂದ್ರು. ಯೋಚನೆ ಮಾಡೋಕೇನಿದೆ? ಪಕ್ಕದಲ್ಲೊಬ್ಬಳು ಹುಡುಗಿ ಇದ್ದಾಳೆ, ದಪ್ಪ ಕನ್ನಡಕದವಳು, ಅವಳೇ ನನ್ನ ಜಾಗಕ್ಕೆ ಬರೋದು. ತನ್ನ ಲ್ಯಾಪ್‌ಟಾಪ್‌ನಲ್ಲೇ ಬೆಳಿಗ್ಗೆ ಶುರು ಮಾಡಿದ್ದನ್ನ ಮಧ್ಯಾಹ್ನಕ್ಕೆ ಮುಗಿಸಿ ಬಿಸಾಕ್ತಾಳೆ. ಅಷ್ಟಕ್ಕೇ ನನಗೆ ಎರಡು ದಿನ ಬೇಕು. ಕೈ ಓಡಲ್ಲ, ತಲೆ ಓಡಲ್ಲ. ನನ್ನ ಕಾಲ ಮುಗೀತು ಅನ್ಕೊಂಡೆ.

...ಹೂಂ, ಆ ಮಂಚವೂ ಅವಳಿಗೇ. ಸುಟ್ಟ ಗಾಯದವರನ್ನ ಮೈ ಮುಟ್ಟದೆ ಮಗ್ಗುಲಾಗಿಸೋದು, ನಿನಗೆ ಹೇಳಿದ್ನಲ್ಲ, ಅದೇ. ಮೊದಲ ಗೆರೆಯಿಂದ ನಾನೇ ಮಾಡಿದ್ದು. ಕೊಟ್ಟುಬಿಡೋಕೆ ಹೊಟ್ಟೆ ಉರಿಯುತ್ತೆ ಕಣೋ, ಸುಳ್ಳು ಯಾಕೆ ಹೇಳ್ಲಿ. ಅದಕ್ಕೇ ಅವಳಿಗಾದರೂ ಒಳ್ಳೇ ಕಾರ್ಡ್ ಇರ್ಲಿ ಅಂತ ಸಾಹೇಬ್ರನ್ನ ಒಪ್ಪಿಸಿದೀನಿ.

...ಹಾಂ, ಇದಕ್ಕೆ ನೀನೇ ಒಂದು ಕಾರ್ಡ್ ಹಾಕಿಕೊಟ್ಟಿದ್ಯಲ್ಲ, ನೆನಪಿದೆ. ಇಡೀ ಅಂಗಡೀಲೇ ಇಂಥದ್ದು ಇನ್ನೊಂದಿಲ್ಲ ಅಂತ ನೀನು ಎದೆ ಉಬ್ಬಿಸ್ಕೊಂಡು ಹೋಗಿದ್ದೆ... ಇಲ್ಲ ಡುಮ್ಮಾ. ಏನೂ ವ್ಯತ್ಯಾಸ ಆಗ್ಲಿಲ್ಲ. ಹಾಕೋಕ್ಮುಂಚೆ ಹೇಗಿತ್ತೋ ಆಮೇಲೂ ಹಾಗೇ ಇತ್ತು.

...ಹೇಗೆ ಹೇಳ್ಲಿ? ನೀನು ಮುಖ ಸಣ್ಣ ಮಾಡ್ಕೋತಿದ್ದೆ. ಅಂಗಡಿ ಹೊಸದು, ಅಕ್ಕನೇ ಮೊದಲ ಗಿರಾಕಿ, ಅವಳೇ ತಪ್ಪು ಹುಡುಕಿದ್ರೆ ಚೆನ್ನಾಗಿರುತ್ತಾ? ತುಂಬಾ ಚೆನ್ನಾಗಿದೆ ಅಂದೆ. ಅಷ್ಟು ಒಳ್ಳೇ ಕಾರ್ಡ್ ಇದ್ದೂ ಕೆಲಸ ಸಾಗ್ತಿಲ್ಲ ಅಂದ್ರೆ ಕೊರತೆ ಯಾರಲ್ಲಿ? ನನ್ನಲ್ಲೇ ಅಲ್ವಾ?... ಬೈಬೇಡ ಮಾರಾಯ, ಈಗ ಬೈಸ್ಕೊಳ್ಳೋ ಶಕ್ತಿ ಇಲ್ಲ.

...ಉದ್ದ ಅಳೀಬೇಕಾ? ಯಾಕೆ?... ಓ, ದೊಡ್ಡ ಕಾರ್ಡ್ ಕಂಪ್ಯೂಟರ್ ಡಬ್ಬದೊಳಗೆ ಹಿಡಿಸಬೇಕಲ್ಲ, ಅದೂ ಸರಿ. ಇರು, ಆಫೀಸಲ್ಲೇ ಇದೀನಿ, ಮೇಜಿನ ಕೆಳಗೆ ತೂರಬೇಕು... ಅಯ್ಯೋ ನನ್ನ ಮಂಡಿ. ಫೋನಿನ ಟಾರ್ಚ್ ಹಾಕ್ತೀನಿ. ಬ್ಯಾಟರಿ ಬೇರೆ ಕೆಂಪಾಗಿದೆ, ಬೇಗ ಹೇಳು. ಇಲ್ಲಿ ಧೂಳು ನೋಡಬಾರದು.

...ಹಾಂ, ಹಿಂದುಗಡೆ ಕಾಣ್ತಿದೆ. ಕೆಳಗಡೆ ಅಡ್ಡಕ್ಕೆ ಇರೋದು ಕಾರ್ಡ್ ಅಲ್ವಾ? ಸಾಲಾಗಿ ನಾಲ್ಕು ಕಿಂಡಿ ಇದೆ. ನಾಲ್ಕಕ್ಕೂ ಪುಟ್ಟ ಪುಟ್ಟ ಕರೀ ಮುಚ್ಚಳ ಹಾಕಿದೆ.

...ನಾಲ್ಕಕ್ಕೂ. ಯಾಕೆ?... ಪರದೆಯ ವೈರಾ? ಅದು ಮೇಲ್ಗಡೆ ಇದೆ, ಮೌಸು, ಕೀಬೋರ್ಡು ಸಿಕ್ಕಿಸಿರೋ ಪಕ್ಕದಲ್ಲಿ. ಅಲ್ಲೇ ಇರ್ತಿತ್ತಲ್ಲ ಯಾವಾಗ್ಲೂ. ನೀನು ಕಾರ್ಡ್ ಕೂರಿಸಿ, ವೈರ್ ಹಾಕ್ಕೊಂಡುಬಿಡು ಅಕ್ಕಾ ಅಂತ ಓಡಿದೆ. ನಾನು ಇದ್ದ ಜಾಗಕ್ಕೇ ಹಾಕಿದೆ.

...ಡುಮ್ಮಾ? ಏನೋ ಅದು ಸದ್ದು, ತಟ್ಟೆ ತಳ್ಳಿದ್ಯಾ?

...ಹಾಂ... ಹಾಂ... ವೈರ್ ಕಾರ್ಡಿನ ಕಿಂಡಿಗೇ ಹಾಕ್ಬೇಕಿತ್ತಾ? ಅಂದ್ರೆ ಆ ಕಾರ್ಡ್ ಇಷ್ಟು ದಿನವೂ ಸುಮ್ನೆ ಕೂತಿತ್ತಾ? ಚಿತ್ರ ಅದರಿಂದ ಬರ್ತಾನೇ ಇರ್ಲಿಲ್ವಾ?

...ತೆಗೀತೀನಿ ಇರು. ಮುಚ್ಚಳ ಗಟ್ಟಿಯಾಗಿದೆ... ಬಂತು. ವೈರ್ ಕೆಳಗಡೆ ಹಾಕ್ದೆ. ಪರದೆ ಕಪ್ಪಾಯ್ತು... ಕಾಯ್ತಿದೀನಿ. ಹೂಂ, ಬಂತು. ಮಂಚ ತೆರೀತಿದೀನಿ. ಈಗ ತಿರುಗಿಸ್ತೀನಿ.

...

...ಡುಮ್ಮಾ, ಡುಮ್ಮಾ. ತಿರುಗ್ತಿದೆ. ಕೈ ಎಲ್ಲಿ ಹೋದ್ರೆ ಅಲ್ಲಿ ಬರ್ತಿದೆ. ಮಗ್ಗುಲಾಗೋ ಭಾಗ ಪೂರ್ತಿ ಸುತ್ತು ಹಾಕ್ತು, ಒಂದು ಕಡೇನೂ ನಿಲ್ಲಲಿಲ್ಲ.

...ಅಳ್ತಿಲ್ಲ... ಅಳ್ತಿದೀನಿ ಬಿಡು, ಏನೀಗ. ನಿನಗೆ ನೋವಾಗುತ್ತೆ ಅಂತ ಬಾಯಿ ಮುಚ್ಕೊಂಡು ಕೂತು, ನನ್ನನ್ನೇ ನಾನು ದಡ್ಡಿ ಮಾಡ್ಕೊಂಡೆನಲ್ಲೋ. ರಾತ್ರಿ ಹಾಸಿಗೇಲಿ ಬೆರಳು ಮಡಚಿ ಬಿಚ್ಚಿ ನೋಡ್ತಿದ್ದೆ, ಇವಕ್ಕೇನಾಯ್ತು ಅಂತ. ನಿಮ್ಮ ಭಾವ ಡಾಕ್ಟರ್ ಹತ್ರ ಹೋಗೋಣ ಅಂತಿದ್ರು.

...ನೀನ್ಯಾಕೋ ಅಳೋದು? ಉಣ್ಣು ಸುಮ್ನೆ, ಅನ್ನ ಆರುತ್ತೆ.

...ಯಾವ ಕಾರ್ಡೂ ಬೇಡ ಈಗ. ಸಾಹೇಬ್ರು ಊಟ ಮುಗಿಸಿ ಬಂದ ತಕ್ಷಣ ನನ್ನ ಮಾತು ವಾಪಸ್ ತಗೋತೀನಿ. ನಗ್ತಾರೆ, ನಗ್ಲಿ... ಒಪ್ಪದೇ ಇದ್ರೆ? ಪಕ್ಕದಲ್ಲಿ ಕೂರಿಸ್ಕೊಂಡು ಮಂಚ ತಿರುಗಿಸಿ ತೋರಿಸ್ತೀನಿ. ಒಪ್ಪೋವರೆಗೂ ಏಳಲ್ಲ.

...ಒಂದು ನಿಮಿಷ, ಕನ್ನಡಕದವಳು ಬಂದ್ಲು. ಪಾಪ, ತನ್ನ ಸಾಮಾನೆಲ್ಲಾ ಪೆಟ್ಟಿಗೇಲಿ ಹೊತ್ಕೊಂಡು ಬಂದಿದಾಳೆ... ಬಾಮ್ಮ. ಪೆಟ್ಟಿಗೆ ಅಲ್ಲೇ ನಿನ್ನ ಮೇಜಿನ ಮೇಲೇ ಇಡು. ಇಲ್ಲ ಕಣಮ್ಮ, ನಿನ್ನ ತಪ್ಪೇನಿಲ್ಲ, ಬಾ. ಒಂದು ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತ್ಕೋ. ಇದರಲ್ಲಿ ನಾನು ಕೂತಿದೀನಿ... ಡುಮ್ಮಾ, ಬ್ಯಾಟರಿ ಹೋಗ್ತಿದೆ. ಸಂಜೆ ಮನೆಗೆ ಬಾ. ಭಾವನಿಗೆ ನೀನೇ ಹೇಳ್ಬೇಕು, ನನ್ನ ಕೈಗೆ ಏನೂ ಆಗಿಲ್ಲ ಅಂ—