ಗಾಳವಿಲ್ಲದ ದಾರ

ಮೀನುಗಾರಿಕೆ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕಕ್ಕೇ ಒಬ್ಬರು ಮುದುಕರೂ ಖಾಕಿ ತೊಟ್ಟ ಕಾವಲುಗಾರನೂ ಕೂತಿದ್ದರು. ಪ್ರವಾಸಿಗರು ಮುಳುಗಿ ನೋಡುವ ಹವಳದ ಬಂಡೆಯ ಹತ್ತಿರ ಈಗ ಮೀನು ಹಿಡಿಯುವಂತಿಲ್ಲ. ಮುದುಕರು ಅಲ್ಲೇ ದೋಣಿ ನಿಲ್ಲಿಸಿ ಸಿಕ್ಕಿಬಿದ್ದಿದ್ದರು. ಹಿಡಿದವನು ಇದೇ ಕಾವಲುಗಾರ, ಅವರ ಸ್ವಂತ ಅಳಿಯ.

“ಬೇರೆ ಯಾರೂ ಸಿಗ್ಲಿಲ್ವೇನಪ್ಪಾ? ಹೆಣ್ಣು ಕೊಟ್ಟ ಮಾವನೇ ಬೇಕಾಗಿತ್ತಾ?”

“ನೀವೇ ಬಂದು ಸಿಕ್ಕಿದ್ರೆ ನಾನೇನ್ ಮಾಡ್ಲಿ ಮಾವ? ದೋಣಿ ಲೈಸೆನ್ಸೇ ಹೋಗುತ್ತೆ, ಗೊತ್ತಾ?”

“ದಾರ ನೋಡಿದ್ಯಲ್ಲ, ಗಾಳ ಇತ್ತಾ?”

“ಇರ್ಲಿಲ್ಲ. ತುದೀಲಿ ಬರೀ ಸೀಸದ ಗುಂಡು. ಅದೇ ನನ್ನ ತಲೆಗೆ ಹೋಗ್ತಿಲ್ಲ.”

“ಮೂವತ್ತು ವರ್ಷ ಆ ಬಂಡೇನ ಬೆರಳಲ್ಲೇ ನೋಡ್ದೋನು ನಾನು. ಗುಂಡು ತಾಗಿದ್ರೆ ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಲ್ಲಾ ದಾರದಲ್ಲೇ ತಿಳಿಯೋದು. ಒಂದ್ಸಲ ಮುಟ್ಟಿ ಬರೋಣ ಅನ್ನಿಸ್ತು.”

“ಸೀಸ ತಾಗಿದ್ರೂ ಹವಳ ಮುರಿಯುತ್ತೆ ಮಾವ. ಆಮೇಲೆ ನಾನು ನೀರಿಗಿಳಿದು ನೋಡ್ದೆ.”

ಮುದುಕರ ದನಿ ಇಳಿಯಿತು.

“ಮುರೀತಾ?”

“ಒಂದು ಕವಲು. ಬೆರಳಷ್ಟು.”

“ಯಾವ ಬಣ್ಣದ್ದು?”

“ನೇರಳೆ.”

“ನೇರಳೇನಾ! ನಾನು ಇಷ್ಟು ವರ್ಷ ಕಪ್ಪು ಅಂದ್ಕೊಂಡಿದ್ದೆ ಕಣೋ.”

ಒಳಗಿನಿಂದ ಗುಮಾಸ್ತರು ಕರೆದರು. ಇಬ್ಬರೂ ಎದ್ದರು.

“ಗಾಳ ಇರ್ಲಿಲ್ಲ ಅಂತ ಬರ್ಕೊಡ್ತೀನಿ ಮಾವ. ನೀವು ಮಾತಾಡ್ಬೇಡಿ.”

“ಮುರಿದದ್ದೂ ಬರಿ. ಸುಳ್ಳು ಬೇಡ.”

“ಲೈಸೆನ್ಸು…”

“ಅದಿರ್ಲಿ. ಪಶ್ಚಿಮದ ಕಡೆ ಒಂದು ಆಳವಾದ ಸಂದು ಇದೆಯಲ್ಲ, ಗುಂಡು ಎಷ್ಟು ಬಿಟ್ರೂ ತಳ ಸಿಗ್ತಿರ್ಲಿಲ್ಲ. ಅದರೊಳಗೆ ಇಳಿದಿದ್ದೀಯಾ? ಅಲ್ಲೇನಿದೆ, ಹೇಳು.”

ಅಳಿಯ ಬಾಗಿಲು ತಳ್ಳುತ್ತಾ ಏನೋ ಹೇಳತೊಡಗಿದ. ಮುದುಕರು ಅವನ ತೋಳು ಹಿಡಿದು ಕಿವಿಗೊಟ್ಟು ಒಳಗೆ ಹೋದರು.