ಒಂದೇ ಒಂದು ಚೂರು

"ಹಲೋ... ಡಯಾಲಿಸಿಸ್ ವಾರ್ಡಾ? ಯಾರು ಮಾತಾಡ್ತಿರೋದು?... ಎತ್ತರದ ಸಿಸ್ಟರ್ ಇಲ್ವಾ?... ಓ, ರಜೆ. ಹೌದಲ್ಲ, ಇವತ್ತು ಎಲ್ಲರಿಗೂ ರಜೆ. ಸರಿ, ನೀವೇ ಕೇಳಿಸ್ಕೊಳ್ಳಿ ತಾಯಿ. ಕಿಟಕಿ ಪಕ್ಕದ ಹಾಸಿಗೆಗೆ ಬರ್ತಾರಲ್ಲ, ರಿಟೈರಾದ ರೈಲ್ವೆ ಗಾರ್ಡು, ಅವರ ಹೆಂಡತಿ ನಾನು..."

ಊಟದ ಕೋಣೆಯ ತುಂಬ ಆಗತಾನೇ ಹೆರೆದ ಕ್ಯಾರೆಟ್ಟಿನ ಸಿಹಿ ವಾಸನೆ. ಚಿಕ್ಕಂದಿನಲ್ಲಿ ಆ ವಾಸನೆ ಬಂದರೆ ಸಾಕು, ಅವಳು ಓಡಿ ಹೋಗಿ ಅಮ್ಮನ ಈಳಿಗೆಮಣೆಯ ಮುಂದೆ ಅಂಗೈ ಚಾಚಿ ಕೂರುತ್ತಿದ್ದಳು. ಅಮ್ಮ ತಲೆಯೆತ್ತದೆಯೇ ಒಂದು ಚೂರು ಇಡುತ್ತಿದ್ದಳು. ಅಂದಿನಿಂದ ಅದು ಅವಳಿಗೆ ರಜೆಯ ವಾಸನೆ. ಇಂದು ಮಾತ್ರ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನಾಯ್ತು ಅಂದ್ರೆ... ಇವರು ಹಸಿ ತರಕಾರಿ ತಿಂದ್ಬಿಟ್ಟಿದ್ದಾರೆ... ಹಾಂ, ಹಸೀದೇ. ಬೇಯಿಸಿ ನೀರು ಬಸಿದದ್ದಲ್ಲ... ಗೊತ್ತು ಸಿಸ್ಟರ್, ಅದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ರೆ ಹೃದಯಕ್ಕೇ ಕುತ್ತು ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಫ್ರಿಜ್ಜಿಗೇ ಅಂಟಿಸಿದ್ದೀವಿ. ಮನೆಮಂದಿಗೆಲ್ಲ ಬಾಯಿಪಾಠ. ಆದರೂ..."

ಮೇಜಿನ ಈ ತುದಿಯಿಂದ ಆ ತುದಿಯವರೆಗೆ ರೈಲು ನಿಂತಿತ್ತು. ಸೌತೆಕಾಯಿಯ ಇಂಜಿನ್ನು, ಹೂಕೋಸಿನ ಹೊಗೆ, ದಪ್ಪ ಮೆಣಸಿನಕಾಯಿಯ ಬೋಗಿಗಳು, ಅವುಗಳಲ್ಲಿ ಪುಟ್ಟ ಟೊಮೆಟೊ, ಬೀಟ್‌ರೂಟ್ ಚೂರುಗಳು, ಕೆಳಗೆ ಕ್ಯಾರೆಟ್ಟಿನ ಗಾಲಿಗಳು. ರಜೆಗೆ ಮಕ್ಕಳು ಮೊಮ್ಮಕ್ಕಳು ಸೇರಿದಾಗಲೆಲ್ಲ ಅವಳು ಗಂಡನ ಗೌರವಾರ್ಥ ಇದನ್ನು ಕಟ್ಟುತ್ತಾಳೆ. ಹೋಗುತ್ತ ಬರುತ್ತ ಎಲ್ಲರೂ ಒಂದೊಂದು ಕಿತ್ತು ಕರಕರ ಕಚ್ಚುತ್ತಾರೆ. ಕೊನೆಯ ಬೋಗಿ ಗಾರ್ಡಿನದು, ಎಂದರೆ ಅವನದು. ಈ ಸಲವೂ ಅದಕ್ಕೆ ಎರಡು ನೀರಿನಲ್ಲಿ ಬೇಯಿಸಿ ಬಸಿದ ಚೂರುಗಳನ್ನೇ ತುಂಬಿದ್ದಳು. ಆ ಬೋಗಿ ಮಾತ್ರ ಇಟ್ಟದ್ದು ಇಟ್ಟಂತೆಯೇ ಇತ್ತು.

"ಎಷ್ಟು ತಿಂದ್ರು ಅಂತಾನಾ? ಮೊಮ್ಮಗಳು ಒಂದು ಟೊಮೆಟೊ ಕೊಟ್ಟಳಂತೆ. ಗೋಲಿಯಷ್ಟೇ ಇರತ್ತಲ್ಲ, ಆ ಸಣ್ಣದು. ಒಂದೇ... ಬೇರೆಯವರಾ? ಇಲ್ಲ ಅನ್ಸತ್ತೆ. ತಡೀರಿ, ಕೇಳ್ತೀನಿ."

ಅವಳು ಫೋನನ್ನು ಎದೆಗೊತ್ತಿಕೊಂಡು ಕೋಣೆಯತ್ತ ತಿರುಗಿದಳು. ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಮಗ ಗೋಡೆ ನೋಡುತ್ತಿದ್ದ. ಅಳಿಯನ ಕಣ್ಣು ತನ್ನ ಪಾದದ ಮೇಲಿತ್ತು.

"ಏನೇ ನೀನೂ?... ಸಿಸ್ಟರ್, ಮಗಳು ನಾಲ್ಕು ಟೊಮೆಟೊ ಕೊಟ್ಟಿದ್ದಾಳೆ. ಅಪ್ಪನ ಮುಖ ನೋಡೋಕಾಗಲಿಲ್ಲವಂತೆ... ಏನೋ ನಿಂದು? ಐದು ಗಾಲಿನಾ? ಒಂದು ಬೋಗೀನೇ ಕುಂಟು ಮಾಡಿದ್ಯಲ್ಲೋ!... ಸಿಸ್ಟರ್, ಕ್ಯಾರೆಟ್ ಐದು ಬಿಲ್ಲೆ. ಅಳಿಯಂದಿರು ಬೀಟ್‌ರೂಟು, ಅರ್ಧ ಗಡ್ಡೆಯಷ್ಟು... ನೋಡಿ, ಒಬ್ಬರಿಗೊಬ್ಬರು ಹೇಳೇ ಇಲ್ಲ. ಎಲ್ಲರೂ ತಾವೊಬ್ಬರೇ ಕೊಟ್ಟಿದ್ದು ಅಂದ್ಕೊಂಡಿದ್ದಾರೆ... ಬೈಯಬೇಡಿ ತಾಯಿ, ಯಾರೂ ಕೆಟ್ಟ ಮನಸ್ಸಿಂದ ಕೊಟ್ಟಿದ್ದಲ್ಲ."

...

"ಎಚ್ಚರ ಇದೆ, ಚೆನ್ನಾಗೇ ಮಾತಾಡ್ತಿದ್ದಾರೆ. ಟಿಕೆಟ್ ಇಲ್ಲದವರನ್ನೆಲ್ಲ ಹಿಡಿದು ನುಂಗಿದೆ ಅಂತಾರೆ... ನಗಬೇಡಿ ಸಿಸ್ಟರ್, ನೀವು ನಕ್ಕರೆ ನನಗೆ ಅಳು ಬರತ್ತೆ. ಕುರ್ಚಿಯಿಂದ ಏಳೋಕೆ ಹೋದ್ರು, ಆಗಲಿಲ್ಲ. ಕಾಲು ಹತ್ತಿಯ ಹಾಗಾಗಿದೆಯಂತೆ... ಹಾಂ, ಬೆರಳೂ ಜುಮ್ಮೆನ್ನತ್ತಂತೆ... ಕಳೆದ ಡಯಾಲಿಸಿಸ್ಸಾ? ಮೂರು ದಿನ ಆಯ್ತು. ರಜೆ ಅಂತ ನೀವೇ ನಾಳೆಗೆ ಹಾಕಿದ್ರಲ್ವಾ?"

ಅವಳು ಗಂಡನ ಕಡೆ ನೋಡಿದಳು. ಅವನು ತಪ್ಪು ಮಾಡಿದ ಶಾಲಾ ಹುಡುಗನಂತೆ ಕೈ ತೊಡೆಯ ಮೇಲಿಟ್ಟು ಕೂತಿದ್ದ.

"ರೀ, ನೀವಾದ್ರೂ ಸಾಕು ಅನ್ನಬಾರದಿತ್ತೇ?... ಏನಂತಾರೆ ಗೊತ್ತಾ ಸಿಸ್ಟರ್? ಕೊಟ್ಟ ಕೈಯನ್ನ ಹಿಂದಕ್ಕೆ ಕಳಿಸೋದು ಹೇಗೆ ಅಂತಾರೆ. ಕರಕರ ಅನ್ನೋದು ಏನಾದ್ರೂ ಕಚ್ಚಿ ಎರಡು ವರ್ಷ ಆಗಿತ್ತಂತೆ."

...

"ಅಷ್ಟೇನಾ ಅಂದ್ರಾ?... ಅಷ್ಟೇ. ಅಲ್ಲ... ಇನ್ನೊಂದಿದೆ, ಅದನ್ನೂ ಬರ್ಕೊಳ್ಳಿ."

ಅವಳ ದನಿ ಇಳಿಯಿತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿದಿದ್ದರೂ ಅವಳು ಗೋಡೆಯ ಕಡೆ ತಿರುಗಿಕೊಂಡಳು.

"ಬೆಳಿಗ್ಗೆ ಗಾಲಿ ಕತ್ತರಿಸ್ತಿದ್ದೆ. ಇವರು ಎದುರಿಗೇ ಕೂತಿದ್ರು. ಏನೂ ಕೇಳಲಿಲ್ಲ, ಸುಮ್ಮನೆ ನನ್ನ ಕೈ ನೋಡ್ತಿದ್ರು. ಕ್ಯಾರೆಟ್ಟಿನ ತುದಿ... ನಾನೇ ಇವರ ಬಾಯಿಗಿಟ್ಟೆ. ಮೊದಲನೇ ಚೂರು ನಂದೇ ಸಿಸ್ಟರ್. ಚೀಟಿ ಅಂಟಿಸಿದವಳೂ ನಾನೇ."

...

"ಈಗಲೇ ಬರಬೇಕಾ?... ಇಸಿಜಿ ಮಾಡಿ, ರಕ್ತ ನೋಡಿ, ಆಮೇಲೆ ಮೆಷಿನ್ನಾ?... ರಜೆ ಅಂತ ಎರಡೇ ಮೆಷಿನ್ನಾ, ಎರಡೂ ಖಾಲಿ ಇಲ್ವಾ? ಅಯ್ಯೋ... ಆಗಲಿ, ಯಾರನ್ನಾದ್ರೂ ಬೇಗ ಇಳಿಸ್ತೀನಿ ಅಂದ್ರಲ್ಲ, ಪುಣ್ಯ ಬರಲಿ ನಿಮಗೆ. ಅಲ್ಲಿವರೆಗೆ ನಾನೇನು ಮಾಡಲಿ? ನೀರು ಕುಡಿಸಲಾ?... ಹೌದಲ್ಲ, ನೀರೂ ಅಳತೆಯೇ. ವಾಂತಿ ಮಾಡಿಸಲಾ?... ಬೇಡ, ಸರಿ. ಕಾಲಾದ್ರೂ ತಿಕ್ಕಲಾ?... ಏನೂ ಬೇಡವಾ? ಸುಮ್ಮನೆ ಕರ್ಕೊಂಡು ಬರೋದಷ್ಟೇನಾ?"

ಮಗ, ಅಳಿಯ ಕುರ್ಚಿಸಮೇತ ಅವನನ್ನು ಎತ್ತಿದರು. ಬಾಗಿಲಲ್ಲಿ ಕುರ್ಚಿಯ ಕಾಲು ಸಿಕ್ಕಿಕೊಂಡಿತು. ಅವರು ಓರೆ ಮಾಡಿ, ಮತ್ತೆ ನೆಟ್ಟಗೆ ಮಾಡಿ, ಹೊರಗೆ ಸಾಗಿಸಿದರು.

"ಹೊರಟ್ವಿ ಸಿಸ್ಟರ್. ಒಂದೇ ಮಾತು ಹೇಳಿ. ನಮ್ಮ ಕೈಲಿ ಎಷ್ಟು ಹೊತ್ತಿದೆ?... ಏನಂದ್ರಿ? ಕಡಿದು ಕಡಿದು ಬರ್ತಿದೆ... ಎಷ್ಟು ಹೊತ್ತು? ಹಲೋ?... ಹಲೋ? ಸಿಸ್ಟರ್..."

ಫೋನು ಸತ್ತಿತ್ತು. ಅವಳು ಅದನ್ನು ಕಿವಿಯಿಂದ ತೆಗೆಯದೆ ನಿಂತೇ ಇದ್ದಳು.

ಆ ಮನೆಯಲ್ಲಿ ಮಾವನಿಗೆ ಒಂದು ಚೂರೂ ಕೊಡದವಳು ಸೊಸೆ ಒಬ್ಬಳೇ. ಹೆಡ್‌ಮಿಸ್ಟ್ರೆಸ್ ಎಂದು ಬೆಳಿಗ್ಗೆಯಿಂದ ಎಲ್ಲರೂ ಅವಳನ್ನು ಆಡಿಕೊಂಡಿದ್ದರು. ಈಗ ಅವಳು ಅಡುಗೆಮನೆಯಿಂದ ಬಂದಳು. ಅತ್ತೆಯ ಬೆರಳುಗಳಿಂದ ಫೋನು ಬಿಡಿಸಿ ಅವಳ ಚೀಲಕ್ಕೆ ಹಾಕಿದಳು. ಬೆಳಿಗ್ಗೆಯಿಂದ ರೈಲು ಕಟ್ಟುತ್ತ ಅತ್ತೆ ಒಂದು ತುತ್ತೂ ತಿಂದಿರಲಿಲ್ಲವೆಂಬುದನ್ನು ಗಮನಿಸಿದ್ದವಳು ಅವಳೊಬ್ಬಳೇ. ಬಟ್ಟೆ ಸುತ್ತಿದ ಬಿಸಿ ಊಟದ ಡಬ್ಬಿಯನ್ನು ಆ ಖಾಲಿ ಕೈಗಳಲ್ಲಿಟ್ಟು, ಮೇಲೊಂದು ಚಮಚ ಸಿಕ್ಕಿಸಿದಳು.